ಕೇಳದೆ ತೆರೆಗೆ ತಂದ ಸಾವುಗಳು

1992ರ ಫೆಬ್ರುವರಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದ ನ್ಯಾಯಾಲಯ. ಹದಿನೇಳು ಜನರನ್ನು ಕೊಂದಿದ್ದ ಜೆಫ್ರಿ ಡಾಮರ್‌ಗೆ ಶಿಕ್ಷೆ ವಿಧಿಸುವ ಮುನ್ನ ಸತ್ತವರ ಮನೆಯವರಿಗೆ ಮಾತನಾಡಲು ಅವಕಾಶ ಕೊಟ್ಟಿದ್ದರು. ತಮ್ಮನನ್ನು ಕಳೆದುಕೊಂಡ ಅಕ್ಕನೊಬ್ಬರು ಎದ್ದು ನಿಂತರು. ಮಾತು ಶುರುವಾಗುತ್ತಿದ್ದಂತೆ ದುಃಖವೂ ಸಿಟ್ಟೂ ಒಟ್ಟಿಗೇ ಉಕ್ಕಿ ಬಂದವು. ಕಿರುಚುತ್ತ ಕೊಲೆಗಾರನತ್ತ ನುಗ್ಗಿದ ಅವರನ್ನು ಅಲ್ಲಿದ್ದ ಸಿಬ್ಬಂದಿ ಹಿಡಿದು ನಿಲ್ಲಿಸಬೇಕಾಯಿತು. ನ್ಯಾಯಾಲಯದಲ್ಲಿದ್ದ ಕ್ಯಾಮೆರಾ ಎಲ್ಲವನ್ನೂ ದಾಖಲಿಸಿತು. ಮೂವತ್ತು ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ, ಅವರು ತಮ್ಮನ್ನೇ ಪರದೆಯ ಮೇಲೆ ಕಂಡರು. ಅದೇ ಕೂದಲು, ಅದೇ ಬಟ್ಟೆ, ಬಾಯಿಂದ ಬರುತ್ತಿದ್ದುದೂ ಅವತ್ತಿನ ಅದೇ ಮಾತು. ಮುಖ ಮಾತ್ರ ಒಬ್ಬ ನಟಿಯದು.

ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಆ ಸರಣಿಯ ಹೆಸರು ‘ಡಾಮರ್ – ಮಾನ್‌ಸ್ಟರ್: ದ ಜೆಫ್ರಿ ಡಾಮರ್ ಸ್ಟೋರಿ’. ಹೀಗೊಂದು ಸರಣಿ ತೆಗೆಯುತ್ತಿದ್ದೇವೆಂದು ತಮಗೆ ಯಾರೂ ತಿಳಿಸಲಿಲ್ಲ, ಒಂದು ಮಾತು ಕೇಳಲಿಲ್ಲ, ಆ ದಿನಗಳನ್ನೆಲ್ಲ ಮತ್ತೊಮ್ಮೆ ಅನುಭವಿಸಿದಂತಾಯಿತು ಎಂದು ಅವರು ಆಮೇಲೆ ಹೇಳಿಕೊಂಡರು. ಈ ಹಣದಲ್ಲಿ ಸ್ವಲ್ಪವನ್ನಾದರೂ ಸತ್ತವರ ಮಕ್ಕಳಿಗೋ ಮೊಮ್ಮಕ್ಕಳಿಗೋ ಕೊಟ್ಟಿದ್ದರೆ ಇಷ್ಟು ಕ್ರೂರ ಅನಿಸುತ್ತಿರಲಿಲ್ಲ ಎಂಬುದು ಅವರ ಇನ್ನೊಂದು ಮಾತು. ಆ ಅಕ್ಕನ ಹೆಸರನ್ನೂ ಸತ್ತವರ ಹೆಸರುಗಳನ್ನೂ ಈ ಲೇಖನದಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಬಯಸದೇ ಬಂದ ಪ್ರಸಿದ್ಧಿಯಿಂದ ಆ ಮನೆಗಳು ಈಗಾಗಲೇ ಸಾಕಷ್ಟು ನೊಂದಿವೆ.

ಒಂದು ಸರಣಿ ಸದ್ದು ಮಾಡಿದಾಗ ನೋಡುಗರ ಪ್ರತಿಕ್ರಿಯೆ ಏನು ಎಂದು ಮಾಧ್ಯಮಗಳು ಕೇಳುತ್ತವೆ. ಗಂಟೆಗಳನ್ನು ಲೆಕ್ಕ ಹಾಕುತ್ತವೆ, ಹೊಗಳಿಕೆ ತೆಗಳಿಕೆಗಳನ್ನು ತೂಗುತ್ತವೆ. ನನ್ನ ಮಟ್ಟಿಗೆ ಈ ಸರಣಿಯ ಮೊದಲ ಪ್ರೇಕ್ಷಕಿ ಆ ಅಕ್ಕ. ಉಳಿದವರಿಗೆಲ್ಲ ಬೇಡವೆನಿಸಿದರೆ ರಿಮೋಟ್ ಒತ್ತಿ ಎದ್ದುಹೋಗುವ ದಾರಿಯಿತ್ತು.

ನೂರು ಕೋಟಿ ಗಂಟೆ

ಹತ್ತು ಕಂತುಗಳ ಈ ಸರಣಿಯನ್ನು ರೂಪಿಸಿದವರು ರಯಾನ್ ಮರ್ಫಿ ಮತ್ತು ಇಯಾನ್ ಬ್ರೆನನ್. 2022ರ ಸೆಪ್ಟೆಂಬರ್ 21ರಂದು ಬಿಡುಗಡೆಯಾಯಿತು. ಜನ ಅದನ್ನು ನೋಡಿದ ಒಟ್ಟು ಸಮಯ ಅರವತ್ತು ದಿನಗಳೊಳಗೆ ನೂರು ಕೋಟಿ ಗಂಟೆ ದಾಟಿತು. ನೆಟ್‌ಫ್ಲಿಕ್ಸ್‌ನಲ್ಲಿ ಅಷ್ಟು ಬೇಗ ಆ ಗಡಿ ಮುಟ್ಟಿದ್ದು ಅದಕ್ಕೂ ಮೊದಲು ‘ಸ್ಕ್ವಿಡ್ ಗೇಮ್’ ಮತ್ತು ‘ಸ್ಟ್ರೇಂಜರ್ ಥಿಂಗ್ಸ್’ನ ನಾಲ್ಕನೇ ಸೀಸನ್ ಮಾತ್ರ. ಅವೆರಡೂ ಕಟ್ಟುಕತೆಗಳು. ಇದು ಜನ ನಿಜವಾಗಿ ಸತ್ತ ಕತೆ.

ಮೊದಲ ಕಂತನ್ನೇ ಮುಗಿಸಲಾಗಲಿಲ್ಲ ಎಂದವರು ಬಹಳ. ಅಚ್ಚರಿಯೆಂದರೆ ಆ ಕಂತಿನಲ್ಲಿ ರಕ್ತ ತೀರಾ ಕಡಿಮೆ. ಪಕ್ಕದ ಮನೆಯಾಕೆ ಗೋಡೆಯ ಗಾಳಿಕಿಂಡಿಗೆ ಕಿವಿಗೊಡುತ್ತಾಳೆ. ಏನೋ ಕೊಳೆತ ವಾಸನೆ ಬರುತ್ತಿದೆ ಎಂದು ದೂರುತ್ತಾಳೆ. ಹಳದಿಗಟ್ಟಿದ ಮಂಕು ಬೆಳಕಿನ ಒಂದು ಕೋಣೆ, ಹೊರಹೋಗಲು ಬಿಡದೆ ಮೆಲುದನಿಯಲ್ಲೇ ಮಾತಾಡುವ ಒಬ್ಬ ಮನುಷ್ಯ, ಹೇಗಾದರೂ ಪಾರಾಗಬೇಕೆಂದು ಅವನ ಮಾತಿಗೆ ತಲೆಯಾಡಿಸುತ್ತ ಕೂತ ಇನ್ನೊಬ್ಬ. ಇಷ್ಟರಲ್ಲೇ ನೋಡುವವರ ಹೊಟ್ಟೆ ತೊಳಸುತ್ತದೆ. ಕಾಣದ್ದನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ ಎಂಬುದು ಇದನ್ನು ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು. ಕಸುಬಿನ ದೃಷ್ಟಿಯಿಂದ ನೋಡಿದರೆ ಕೆಲಸ ನಿಜಕ್ಕೂ ಗಟ್ಟಿ. ಡಾಮರ್‌ನಾಗಿ ನಟಿಸಿದ ಎವಾನ್ ಪೀಟರ್ಸ್‌ಗೆ 2023ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಬಂತು.

ರಾತ್ರಿಯಿಡೀ ಕೂತು ಹತ್ತೂ ಕಂತು ನೋಡಿ ಮುಗಿಸಿದವರೂ ಅಷ್ಟೇ ಮಂದಿ. ಅವರನ್ನು ವಿಕೃತರೆಂದು ತಳ್ಳಿಹಾಕುವುದು ಸರಿಯಲ್ಲ. ಇಂಥ ಕತೆಗಳಿಗೆ ಗಂಡಸರಿಗಿಂತ ಹೆಂಗಸರೇ ಹೆಚ್ಚು ಒಲಿಯುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಅಮಾಂಡಾ ವಿಕಾರಿ ಮತ್ತು ಕ್ರಿಸ್ ಫ್ರೇಲಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತ್ತು. ಕೊಲೆಗಾರನ ಕೈಯಿಂದ ಪಾರಾಗುವ ಉಪಾಯ ಹೇಳುವ ಪುಸ್ತಕಗಳನ್ನು ಹೆಂಗಸರು ಹೆಚ್ಚಾಗಿ ಆರಿಸಿಕೊಂಡಿದ್ದರು. ಭಯದಲ್ಲಿ ಬದುಕುವವರು ಭಯದ ಸ್ವರೂಪ ತಿಳಿಯಲು ಹೊರಡುವುದರಲ್ಲಿ ಅಸಹಜವಾದದ್ದೇನೂ ಇಲ್ಲ. ಕನ್ನಡದಲ್ಲೂ ಅಪರಾಧ ವರದಿಯ ವಾರಪತ್ರಿಕೆಗಳನ್ನು ಮನೆಯವರೆಲ್ಲ ಕಾದು ಓದಿದ ಕಾಲವೊಂದಿತ್ತು. ರವಿ ಬೆಳಗೆರೆಯವರ ‘ಹಾಯ್ ಬೆಂಗಳೂರ್’ ಓದಿ ಬೆಳೆದ ಒಂದು ತಲೆಮಾರಿಗೆ ಈ ಸೆಳೆತ ಹೊಸದಲ್ಲ.

ನನಗೆ ತಳಮಳ ತಂದದ್ದು ಇನ್ನೊಂದು ಬಗೆಯ ಪ್ರತಿಕ್ರಿಯೆ. ಕೊಲೆಗಾರನ ಒಂಟಿತನಕ್ಕೆ ಮರುಗಿ, ಅವನ ರೂಪವನ್ನು ಮೆಚ್ಚಿ, ಹಿನ್ನೆಲೆಗೆ ಹಾಡು ಸೇರಿಸಿ ವಿಡಿಯೊ ತುಣುಕು ಮಾಡಿದ ಯುವಜನರಿದ್ದರು. ಅಕ್ಟೋಬರಿನ ಹ್ಯಾಲೋವೀನ್ ಹಬ್ಬಕ್ಕೆ ಡಾಮರ್‌ನ ವೇಷ ಹಾಕಲು ಹೊರಟವರಿದ್ದರು. ಅಂಥ ವೇಷಭೂಷಣಗಳ ಮಾರಾಟವನ್ನು ಇ-ಬೇ ತಡೆಯಬೇಕಾಯಿತು. ಜೈಲಿನಲ್ಲಿ ಅವನು ಹಾಕುತ್ತಿದ್ದ ಕನ್ನಡಕಕ್ಕೆ ಒಬ್ಬ ವ್ಯಾಪಾರಿ ಒಂದೂವರೆ ಲಕ್ಷ ಡಾಲರ್ ಬೆಲೆ ಕಟ್ಟಿದ. ಇದೇ ಡಾಮರ್‌ನ ವಸ್ತುಗಳ ವಿಷಯದಲ್ಲಿ ಮಿಲ್ವಾಕೀ ಜನ ಹಿಂದೊಮ್ಮೆ ನಡೆದುಕೊಂಡ ರೀತಿಯನ್ನು ಇಲ್ಲಿ ನೆನೆಯಬೇಕು. 1996ರಲ್ಲಿ ಅವನ ಸಾಮಾನುಗಳು ಹರಾಜಿಗೆ ಬರುವ ಹಾಗಾದಾಗ ಜೋಸೆಫ್ ಜಿಲ್ಬರ್ ಎಂಬ ಉದ್ಯಮಿಯ ಮುಂದಾಳತ್ವದಲ್ಲಿ ಊರಿನವರು ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. ಹಣ ಸಂತ್ರಸ್ತರ ಕುಟುಂಬಗಳಿಗೆ ಹೋಯಿತು. ಸಾಮಾನುಗಳನ್ನು ಪುಡಿಮಾಡಿ ಹೂತುಹಾಕಿದರು. ಅವನಿದ್ದ ಆಕ್ಸ್‌ಫರ್ಡ್ ಅಪಾರ್ಟ್‌ಮೆಂಟ್ಸ್ ಕಟ್ಟಡವನ್ನು 1992ರಲ್ಲೇ ಕೆಡವಿಯಾಗಿತ್ತು. ಕಟ್ಟಡ ಹೋಯಿತು, ವಸ್ತುಗಳು ಹೋದವು, 1994ರ ನವೆಂಬರಿನಲ್ಲಿ ಜೈಲಿನಲ್ಲೇ ಸಹಕೈದಿಯೊಬ್ಬನ ಕೈಯಲ್ಲಿ ಡಾಮರ್‌ನೂ ಹೋಗಿದ್ದ. ಊರು ಇಷ್ಟು ಕಷ್ಟಪಟ್ಟು ಅಳಿಸಿದ್ದನ್ನು ಹತ್ತು ಕಂತುಗಳು ಒಂದೇ ವಾರದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದವು.

ಗ್ಲೆಂಡಾ ಕ್ಲೀವ್‌ಲ್ಯಾಂಡ್ ಎಂಬ ಹೆಂಗಸು

ಸರಣಿಯ ಪರವಾಗಿ ಮಾತಾಡಿದವರ ಬಳಿ ಗಟ್ಟಿಯಾದ ಒಂದು ವಾದವಿತ್ತು, ಅದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಬೇಕು. ಡಾಮರ್ ಕೊಂದವರಲ್ಲಿ ಹೆಚ್ಚಿನವರು ಕಪ್ಪು ಜನ. ಏಷ್ಯಾ ಮೂಲದವರೂ ಲ್ಯಾಟಿನೋಗಳೂ ಇದ್ದರು. ಹಲವರು ಸಲಿಂಗಿಗಳು, ಬಹುಮಂದಿ ಬಡವರು. ಅವರು ಕಾಣೆಯಾದಾಗ ಹುಡುಕಲು ವ್ಯವಸ್ಥೆ ಆತುರಪಡಲಿಲ್ಲ.

1991ರ ಮೇ 27ರ ನಸುಕು. ಲಾವೋಸ್‌ನಿಂದ ಬಂದ ಕುಟುಂಬವೊಂದರ ಹದಿನಾಲ್ಕು ವರ್ಷದ ಹುಡುಗ ಮೈಮೇಲೆ ಬಟ್ಟೆಯಿಲ್ಲದೆ, ಅರೆಪ್ರಜ್ಞೆಯಲ್ಲಿ ಬೀದಿಗೆ ಬಂದ. ಅವನನ್ನು ಮೊದಲು ಕಂಡವರು ಗ್ಲೆಂಡಾ ಕ್ಲೀವ್‌ಲ್ಯಾಂಡ್ ಎಂಬಾಕೆಯ ಮನೆಯ ಇಬ್ಬರು ಹುಡುಗಿಯರು. ಪೊಲೀಸರೇನೋ ಬಂದರು. ಹಿಂದೆಯೇ ಡಾಮರ್ ಬಂದು ಇವನು ನನ್ನ ಗೆಳೆಯ, ಪ್ರಾಯಕ್ಕೆ ಬಂದವನೇ, ಕುಡಿದಿದ್ದಾನೆ ಎಂದ. ಆ ಹುಡುಗಿಯರ ಮಾತಿಗಿಂತ ಬಿಳಿಯನೊಬ್ಬನ ಮಾತು ಪೊಲೀಸರಿಗೆ ಹೆಚ್ಚಾಯಿತು. ಹುಡುಗನನ್ನು ತಾವೇ ಕರೆದೊಯ್ದು ಆ ಮನೆಯೊಳಗೆ ಬಿಟ್ಟುಬಂದರು. ಡಾಮರ್ ಆಗಲೇ ಬಾಲಕನೊಬ್ಬನ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಶಿಕ್ಷೆಯಾಗಿದ್ದ ಅಪರಾಧಿ. ಆ ಬಾಲಕ ಬೇರಾರೂ ಅಲ್ಲ, ಇದೇ ಹುಡುಗನ ಅಣ್ಣ. ದಾಖಲೆಯನ್ನು ಒಮ್ಮೆ ತೆಗೆದು ನೋಡಿದ್ದರೆ ಸಾಕಿತ್ತು. ಗ್ಲೆಂಡಾ ಠಾಣೆಗೆ ಫೋನ್ ಮಾಡಿ ಅವನು ಮಗುವೇ ಅಲ್ಲವೇ ಎಂದು ಮತ್ತೆ ಮತ್ತೆ ಕೇಳಿದರು. ದೊಡ್ಡವನೇ ಎಂಬ ಉತ್ತರ ಬಂತು. ಹುಡುಗ ಅಂದೇ ಸತ್ತ. ಡಾಮರ್ ಸಿಕ್ಕಿಬೀಳುವ ಜುಲೈ 22ರೊಳಗೆ ಇನ್ನೂ ನಾಲ್ವರು ಸತ್ತರು.

ಆ ಇಬ್ಬರು ಪೊಲೀಸರನ್ನು ಕೆಲಸದಿಂದ ತೆಗೆದರು. ನ್ಯಾಯಾಲಯದ ಮೂಲಕ ಇಬ್ಬರೂ 1994ರಲ್ಲಿ ಮರಳಿ ಕೆಲಸಕ್ಕೆ ಸೇರಿದರು. ಅವರಲ್ಲೊಬ್ಬ 2005ರಲ್ಲಿ ಮಿಲ್ವಾಕೀ ಪೊಲೀಸ್ ಸಂಘದ ಅಧ್ಯಕ್ಷನಾದ. ಹುಡುಗನ ಕುಟುಂಬಕ್ಕೆ ನಗರಾಡಳಿತ ಎಂಟೂವರೆ ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ಈ ಭಾಗವನ್ನು ಸರಣಿ ಹಸಿ ಸಿಟ್ಟಿನಿಂದ ತೋರಿಸುತ್ತದೆ. ಅಮೆರಿಕದ ಕಪ್ಪು ಪ್ರೇಕ್ಷಕರಲ್ಲಿ ಅನೇಕರಿಗೆ ಇದು ಡಾಮರ್‌ನ ಕತೆಗಿಂತ ದೊಡ್ಡದೆನಿಸಿತು. ಗ್ಲೆಂಡಾ ಪಾತ್ರ ಮಾಡಿದ ನೀಸಿ ನ್ಯಾಶ್-ಬೆಟ್ಸ್ 2024ರ ಜನವರಿಯಲ್ಲಿ ಎಮ್ಮಿ ಪ್ರಶಸ್ತಿ ಪಡೆದಾಗ ಅದನ್ನು ಗ್ಲೆಂಡಾರಂತೆ ಯಾರೂ ಕಿವಿಗೊಡದ ಕಪ್ಪು ಹೆಂಗಸರಿಗೆ ಅರ್ಪಿಸಿದರು. ಎಷ್ಟೋ ಊರುಗಳಲ್ಲಿ ಪೊಲೀಸ್ ಠಾಣೆಯ ಬಾಗಿಲಿಂದ ಬರಿಗೈಲಿ ಮರಳಿದವರಿಗೆ ಆ ಪಾತ್ರ ತಮ್ಮದೇ ಅನಿಸಿರಬೇಕು.

ಆದರೆ ಇಲ್ಲೂ ಒಂದು ತೊಡಕಿದೆ. ಸರಣಿಯಲ್ಲಿ ಗ್ಲೆಂಡಾ ಇರುವುದು ಡಾಮರ್‌ನ ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ. ನಿಜವಾದ ಗ್ಲೆಂಡಾ ಇದ್ದದ್ದು ಪಕ್ಕದ ಬೇರೊಂದು ಕಟ್ಟಡದಲ್ಲಿ. ಡಾಮರ್‌ನ ನೆರೆಮನೆಯಲ್ಲಿದ್ದವರು ಮತ್ತೊಬ್ಬ ಮಹಿಳೆ. ಇಬ್ಬರ ಬದುಕನ್ನೂ ಕಲಸಿ ಒಂದು ಪಾತ್ರ ಮಾಡಿದ್ದಾರೆ. 1991ರಲ್ಲಿ ಈ ಸುದ್ದಿಯನ್ನು ಮೊದಲು ಬಯಲಿಗೆ ತಂದ ಮಿಲ್ವಾಕೀ ಪತ್ರಕರ್ತೆ ಆನ್ ಶ್ವಾರ್ಟ್ಸ್ ಇದನ್ನು ಎತ್ತಿ ಹೇಳಿದರು. ನಾಟಕಕ್ಕೆ ಇಂಥ ಸ್ವಾತಂತ್ರ್ಯ ಬೇಕು ಎನ್ನುವವರಿದ್ದಾರೆ. ಪಾತ್ರಕ್ಕೆ ಕಲ್ಪನೆಯ ಹೆಸರಿಟ್ಟಿದ್ದರೆ ಆ ಮಾತನ್ನು ನಾನೂ ಒಪ್ಪುತ್ತಿದ್ದೆ. ನಿಜದ ಹೆಸರಿಟ್ಟು ಸುಳ್ಳು ವಿಳಾಸ ಕೊಟ್ಟರೆ, ಮುಂದಿನ ತಲೆಮಾರು ಆ ಸುಳ್ಳನ್ನೇ ಇತಿಹಾಸವೆಂದು ಓದುತ್ತದೆ. 2010ರಲ್ಲೇ ತೀರಿಕೊಂಡ ಗ್ಲೆಂಡಾಗೆ ತಿದ್ದಿ ಹೇಳುವ ಅವಕಾಶವೂ ಇಲ್ಲ.

ಸಲಿಂಗಿ ಸಮುದಾಯದ ಪ್ರೇಕ್ಷಕರಲ್ಲಿ ಎರಡು ದನಿ ಎದ್ದವು. ನೆಟ್‌ಫ್ಲಿಕ್ಸ್ ಈ ಸರಣಿಯನ್ನು ಎಲ್‌ಜಿಬಿಟಿಕ್ಯು ವಿಭಾಗದಲ್ಲಿ ಸೇರಿಸಿದ್ದಕ್ಕೆ, ನಮ್ಮ ಬದುಕಿನ ಸಂಭ್ರಮದ ಕತೆಗಳ ಸಾಲಿಗೆ ನಮ್ಮನ್ನು ಕೊಂದವನ ಕತೆಯನ್ನೂ ಸೇರಿಸುತ್ತೀರಾ ಎಂದು ಹಲವರು ಸಿಟ್ಟಾದರು. ಕೆಲವೇ ದಿನಗಳಲ್ಲಿ ಆ ಗುರುತನ್ನು ತೆಗೆದುಹಾಕಿದರು. ಸ್ವತಃ ಸಲಿಂಗಿಯಾದ ಮರ್ಫಿಗೆ ಇದು ಸರಿಕಾಣಲಿಲ್ಲ. ಸಲಿಂಗಿಗಳ ಕತೆಯೆಲ್ಲ ಸುಖಾಂತವೇ ಆಗಬೇಕಿಲ್ಲ ಎಂದರು.

ಆರನೇ ಕಂತು

ಪ್ರೇಕ್ಷಕರು ಒಂದೇ ದನಿಯಲ್ಲಿ ಮೆಚ್ಚಿದ್ದು ಆರನೇ ಕಂತನ್ನು. ಅಲ್ಲಿ ಕತೆ ಡಾಮರ್‌ನಿಂದ ಶುರುವಾಗುವುದಿಲ್ಲ. ಕಿವಿ ಕೇಳಿಸದ ಒಬ್ಬ ಕಪ್ಪು ಯುವಕನ ಹುಟ್ಟಿನಿಂದ ಶುರುವಾಗುತ್ತದೆ. ಅವನ ತಾಯಿ, ಸಂಜ್ಞೆಯಲ್ಲಿ ಹರಟುವ ಗೆಳೆಯರು, ಮಾಡೆಲ್ ಆಗುವ ಕನಸು, ನಗು, ನಾಚಿಕೆ ಎಲ್ಲ ನಮ್ಮೆದುರು ತೆರೆದುಕೊಳ್ಳುತ್ತವೆ. ಆ ಪಾತ್ರವನ್ನು ಕಿವಿ ಕೇಳಿಸದ ನಟನಿಗೇ ಕೊಟ್ಟಿದ್ದಾರೆ. ಡಾಮರ್ ಬರುವುದು ತಡವಾಗಿ. ಚೀಟಿಯಲ್ಲಿ ಬರೆದು ತೋರಿಸುತ್ತ ಇಬ್ಬರೂ ಮಾತಾಡುತ್ತಾರೆ. ಅಷ್ಟು ಹೊತ್ತಿಗೆ ಆ ಹುಡುಗ ನಮ್ಮ ಮನೆಯವನೇ ಆಗಿರುತ್ತಾನೆ, ಮುಂದೆ ಏನಾಗುತ್ತದೆಂದು ಗೊತ್ತಿದ್ದೂ ಆಗದಿರಲಿ ಎಂದು ಬೇಡಿಕೊಳ್ಳುತ್ತೇವೆ. ಇಡೀ ಸರಣಿ ಹೀಗಿರಬೇಕಿತ್ತು ಎಂದು ಬಹಳ ಜನ ಹೇಳಿದರು. ಆ ಮಾತಿನಲ್ಲಿ ಸತ್ಯವಿದೆ. ಸತ್ತವರನ್ನು ಮೊದಲು ಬದುಕಿದವರಾಗಿ ತೋರಿಸಿದ ಒಂದೇ ಒಂದು ಕಂತು ಅದು.

ಆದರೆ ಆ ಯುವಕನ ತಾಯಿ ಇನ್ನೂ ಬದುಕಿದ್ದರು. ಅದು ನಡೆದದ್ದು ಹಾಗಲ್ಲ ಎಂದು ಅವರು ಪತ್ರಿಕೆಗೆ ಹೇಳಿದರು. ನಮ್ಮ ಹೆಸರುಗಳನ್ನು ಬಳಸಿ ಹೀಗೆಲ್ಲ ತೋರಿಸಲು ಇವರಿಗೆ ಹೇಗೆ ಸಾಧ್ಯವಾಯಿತು ಎಂದು ಕೇಳಿದರು. ಗೋಲ್ಡನ್ ಗ್ಲೋಬ್ ಸಮಾರಂಭದಲ್ಲಿ ಪೀಟರ್ಸ್ ಕುಟುಂಬಗಳ ನೋವಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲವೆಂದು ಆಮೇಲೆ ಬೇಸರಪಟ್ಟರು.

ಇಡೀ ಪ್ರಕರಣದ ತಿರುಳು ನನಗೆ ಕಂಡದ್ದು ಇಲ್ಲಿ. ಲೋಕವೆಲ್ಲ ಕಣ್ಣೀರಿಟ್ಟು ಒಪ್ಪಿಕೊಂಡ ಕಂತನ್ನು ಹೆತ್ತ ತಾಯಿ ಒಪ್ಪಲಿಲ್ಲ. ಮಗನಿಗೂ ಕೊಲೆಗಾರನಿಗೂ ನಡುವೆ ಒಲವಿನಂಥದ್ದೇನೋ ಇತ್ತೆಂದು ತೆರೆ ಸೂಚಿಸಿತು. ಪ್ರೇಕ್ಷಕರಿಗೆ ಅದು ಹೃದಯ ಹಿಂಡುವ ತಿರುವು. ಆ ತಾಯಿಗೆ ಅದು ಮಗನ ಬಗ್ಗೆ ಆಡಿದ ಅಪರಿಚಿತರ ಮಾತು. ಒಳ್ಳೆಯ ಉದ್ದೇಶ, ಒಳ್ಳೆಯ ನಟನೆ, ಒಳ್ಳೆಯ ಬರವಣಿಗೆ ಎಲ್ಲ ಇದ್ದೂ, ಕೇಳದೆ ಮಾಡಿದ ಕೆಲಸ ಕೇಳದೆ ಮಾಡಿದ್ದೇ.

ಟೀಕೆಗಳಿಗೆ ಮರ್ಫಿ ಉತ್ತರ ಕೊಟ್ಟರು. ಮೂರೂವರೆ ವರ್ಷಗಳ ತಯಾರಿಯಲ್ಲಿ ಸತ್ತವರ ಸುಮಾರು ಇಪ್ಪತ್ತು ಬಂಧುಗಳನ್ನೂ ಗೆಳೆಯರನ್ನೂ ಸಂಪರ್ಕಿಸಿದೆವು, ಒಬ್ಬರೂ ಉತ್ತರಿಸಲಿಲ್ಲ ಎಂದರು. ತಮ್ಮನ್ನು ಯಾರೂ ಸಂಪರ್ಕಿಸಲೇ ಇಲ್ಲ ಎನ್ನುವುದು ಆ ಅಕ್ಕನ ಮಾತು. ಮರ್ಫಿ ಹೇಳಿದ್ದನ್ನು ನಿಜವೆಂದೇ ಇಟ್ಟುಕೊಳ್ಳೋಣ. ಇಪ್ಪತ್ತು ಜನರಲ್ಲಿ ಒಬ್ಬರೂ ಬಾಯಿಬಿಡದಿದ್ದಾಗ ಆ ಮೌನವನ್ನು ಹೇಗೆ ಓದಿಕೊಳ್ಳಬೇಕಿತ್ತು? ಬೇಡ ಎನ್ನುವುದನ್ನು ಅದಕ್ಕಿಂತ ಗಟ್ಟಿಯಾಗಿ ಹೇಗೆ ಹೇಳುವುದು?

ಸರಣಿ ಅಲ್ಲಿಗೇ ನಿಲ್ಲಲಿಲ್ಲ. ‘ಮಾನ್‌ಸ್ಟರ್’ ಎಂಬ ಹೆಸರಿನಲ್ಲೇ 2024ರಲ್ಲಿ ಹೆತ್ತವರನ್ನು ಕೊಂದ ಮೆನೆಂಡೆಸ್ ಸಹೋದರರ ಕತೆ ಬಂತು, 2025ರಲ್ಲಿ ಕೊಲೆಗಾರ ಎಡ್ ಗೀನ್‌ನದು. ಮೆನೆಂಡೆಸ್ ಪ್ರಕರಣದಲ್ಲಿ ನೋಡುಗರ ಆಸಕ್ತಿ ಮನೆಯ ಹಜಾರ ದಾಟಿ ಹೊರಗೆ ಹೋಯಿತು. ಹೊಸ ಸಾಕ್ಷ್ಯವಿದೆಯೆಂಬ ಅರ್ಜಿ ಮೊದಲೇ ಇತ್ತಾದರೂ, ಸರಣಿ ಮತ್ತು ಹಿಂದೆಯೇ ಬಂದ ಸಾಕ್ಷ್ಯಚಿತ್ರದಿಂದ ಜನರ ಗಮನ ಮತ್ತೆ ಅತ್ತ ಹರಿಯಿತು. ಲಾಸ್ ಏಂಜಲೀಸ್‌ನ ಜಿಲ್ಲಾ ಅಟಾರ್ನಿ 2024ರ ಅಕ್ಟೋಬರಿನಲ್ಲಿ ಶಿಕ್ಷೆ ಮರುಪರಿಶೀಲನೆಗೆ ಶಿಫಾರಸು ಮಾಡಿದರು. 2025ರ ಮೇನಲ್ಲಿ ನ್ಯಾಯಾಧೀಶರು ಶಿಕ್ಷೆ ಇಳಿಸಿದರು, ಆಗಸ್ಟಿನಲ್ಲಿ ಪೆರೋಲ್ ಮಂಡಳಿ ಬಿಡುಗಡೆ ನಿರಾಕರಿಸಿತು. ಪ್ರೇಕ್ಷಕರಿಗೆ ಇಷ್ಟು ಬಲವಿದೆ. ಆ ಬಲ ಸತ್ತವರ ಮನೆಗಳ ಪರವಾಗಿಯೂ ನಿಲ್ಲಬಲ್ಲದು.

ನಮ್ಮ ಕರಾವಳಿಯ ಕತೆ

ಒಪ್ಪಿಗೆಯಿಲ್ಲದೆ ನಿಜ ಬದುಕಿನ ಕತೆ ಹೇಳಬಹುದೇ ಎಂಬ ಪ್ರಶ್ನೆ ಭಾರತದಲ್ಲಿ ಸುಪ್ರೀಂ ಕೋರ್ಟಿನ ಮುಂದೆ 1994ರಲ್ಲೇ ಬಂದಿತ್ತು. ತಮಿಳುನಾಡಿನ ಕೊಲೆಗಾರ ಆಟೋ ಶಂಕರ್‌ನ ಆತ್ಮಕತೆಯನ್ನು ‘ನಕ್ಕೀರನ್’ ಪತ್ರಿಕೆ ಪ್ರಕಟಿಸುವುದನ್ನು ಸರ್ಕಾರ ತಡೆಯಬಹುದೇ ಎಂಬುದು ಅಂದಿನ ವಿವಾದ. ಮುಂಚಿತವಾಗಿ ತಡೆಯುವ ಅಧಿಕಾರ ಸರ್ಕಾರಕ್ಕಿಲ್ಲ, ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಒಪ್ಪಿಗೆಯಿಲ್ಲದೆಯೂ ಬರೆಯಬಹುದು, ಅದನ್ನು ಮೀರಿ ಒಬ್ಬರ ಖಾಸಗಿ ಬದುಕಿಗೆ ಕೈಹಾಕಿದರೆ ಅದಕ್ಕೆ ಹೊಣೆಯಾಗಬೇಕು ಎಂದು ನ್ಯಾಯಾಲಯ ಹೇಳಿತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ ಹೆಸರನ್ನು ದಾಖಲೆಯಲ್ಲಿದ್ದರೂ ಬಯಲು ಮಾಡಬಾರದೆಂದಿತು. ಕಾನೂನಿನ ರಕ್ಷಣೆ ಇಷ್ಟಕ್ಕೇ ನಿಲ್ಲುತ್ತದೆ. ಸತ್ತವರ ಮನೆಯವರನ್ನು ಒಂದು ಮಾತು ಕೇಳಲೇಬೇಕು ಎಂಬ ನಿಯಮ ನಮ್ಮಲ್ಲೂ ಇಲ್ಲ.

ಕನ್ನಡದಲ್ಲಿ 2012ರಲ್ಲಿ, ನಿಜವಾದ ಕೊಲೆಗಡುಕರ ಗುಂಪೊಂದನ್ನು ಆಧರಿಸಿ ಶ್ರೀನಿವಾಸರಾಜು ನಿರ್ದೇಶಿಸಿದ ‘ದಂಡುಪಾಳ್ಯ’ ಬಂದಾಗ ಚಿತ್ರಮಂದಿರಗಳು ತುಂಬಿದವು. ಜನ ಬೆಚ್ಚಿಬಿದ್ದರು. ಪೂಜಾ ಗಾಂಧಿಯ ನಟನೆ, ಕೊಲೆಯ ದೃಶ್ಯಗಳ ಕ್ರೌರ್ಯ, ಪೊಲೀಸ್ ತನಿಖೆ ಎಲ್ಲವೂ ಚರ್ಚೆಯಾದವು, ಮುಂದಿನ ಭಾಗಗಳೂ ಬಂದವು. ಒಂದು ಊರಿನ ಹೆಸರು ಕೊಲೆಗಡುಕರ ಗುಂಪಿನ ಹೆಸರಾಗಿ ನಿಂತುಬಿಟ್ಟಿತು. ಆ ಗುಂಪಿನ ಕೈಯಲ್ಲಿ ಸತ್ತವರು ಯಾರು, ಅವರ ಮಕ್ಕಳು ಎಲ್ಲಿದ್ದಾರೆ, ಆ ಚಿತ್ರ ಬಂದಾಗ ಅವರಿಗೆ ಏನನ್ನಿಸಿತು ಎಂದು ಕೇಳಿದವರು ವಿರಳ. ನಮ್ಮ ಸುದ್ದಿವಾಹಿನಿಗಳ ಅಪರಾಧ ಕಾರ್ಯಕ್ರಮಗಳೂ ಇದೇ ಹಾದಿಯವು. ಮಬ್ಬು ಬೆಳಕು, ಕಿವಿಗಡಚಿಕ್ಕುವ ಸಂಗೀತ, ನಟರನ್ನಿಟ್ಟು ಕೊಲೆಯ ಮರುಸೃಷ್ಟಿ. ಅದೇ ಹೊತ್ತಿಗೆ ಯಾವುದೋ ಊರಿನ ಮನೆಯಲ್ಲಿ ಕೊಲೆಯಾದ ಮಗಳ ಫೋಟೊಗೆ ಹಾಕಿದ ಹಾರ ಇನ್ನೂ ಬಾಡಿರುವುದಿಲ್ಲ.

ಬೇರೆ ದಾರಿ ಇದೆ ಎಂಬುದಕ್ಕೆ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯ ಪ್ರಕರಣವೊಂದು ತೆರೆಗೆ ಬಂದ ರೀತಿಯೇ ಸಾಕ್ಷಿ. ಬಂಟ್ವಾಳ ತಾಲ್ಲೂಕಿನವನಾದ, ಶಾಲಾ ಶಿಕ್ಷಕನಾಗಿದ್ದ ಮೋಹನ್ ಕುಮಾರ್ 2003ರಿಂದ 2009ರವರೆಗೆ ಇಪ್ಪತ್ತು ಯುವತಿಯರನ್ನು ಕೊಂದ. ವರದಕ್ಷಿಣೆ ಹೊಂದಿಸಲಾಗದೆ ಮದುವೆ ತಡವಾದ ಬಡಮನೆಗಳ ಹೆಣ್ಣುಮಕ್ಕಳಿಗೆ ವರದಕ್ಷಿಣೆಯಿಲ್ಲದ ಮದುವೆಯ ಆಸೆ ತೋರಿಸುತ್ತಿದ್ದ. ದೂರದ ಊರಿಗೆ ಕರೆದೊಯ್ದು, ಬೆಳಿಗ್ಗೆ ಒಡವೆ ಬಿಚ್ಚಿಡಿಸಿ, ಗರ್ಭ ನಿಲ್ಲದಿರಲಿ ಎಂದು ನಂಬಿಸಿ ಬಸ್ ನಿಲ್ದಾಣದಲ್ಲಿ ಸೈನೈಡ್ ಮಾತ್ರೆ ಕೊಡುತ್ತಿದ್ದ. ಶೌಚಾಲಯಗಳಲ್ಲಿ ಸಿಕ್ಕ ಶವಗಳು ಆತ್ಮಹತ್ಯೆಯೆಂದೋ ಗುರುತು ಸಿಗದವರೆಂದೋ ಕಡತ ಸೇರಿದವು. ಬೇರೆ ಬೇರೆ ಠಾಣೆಗಳ ಆ ಕಡತಗಳನ್ನು ವರ್ಷಗಟ್ಟಲೆ ಯಾರೂ ಜೋಡಿಸಿ ನೋಡಲಿಲ್ಲ. ಮಿಲ್ವಾಕೀಯಲ್ಲಿ ಆದದ್ದೇ ಇಲ್ಲೂ ಆಯಿತು. ಕಾಣೆಯಾದವರು ಬಡವರಾಗಿದ್ದರು.

2023ರ ಮೇನಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಬಂದ, ರೀಮಾ ಕಾಗ್ತಿ ಮತ್ತು ಜೋಯಾ ಅಖ್ತರ್ ರೂಪಿಸಿದ ‘ದಹಾಡ್’ ಸರಣಿಯನ್ನು ನೋಡಿದ ಕರಾವಳಿಯವರಿಗೆ ಅದರ ಮೂಲ ಯಾವುದೆಂದು ಹೇಳಬೇಕಾಗಲಿಲ್ಲ. ಶಿಕ್ಷಕ, ವರದಕ್ಷಿಣೆ, ಸೈನೈಡ್, ಸಾರ್ವಜನಿಕ ಶೌಚಾಲಯ ಎಲ್ಲ ಇದ್ದವು. ಹುಡುಗಿ ಕಾಣೆಯಾದಾಗ ಏಳುವ ಕೋಮು ಗದ್ದಲವೂ ಇತ್ತು. ಆದರೆ ಕತೆ ನಡೆಯುವುದು ರಾಜಸ್ಥಾನದಲ್ಲಿ. ಹೆಸರುಗಳೆಲ್ಲ ಬೇರೆ, ಮನೆಗಳು ಬೇರೆ. ತನಿಖೆ ನಡೆಸುವ ಮಹಿಳಾ ಪೊಲೀಸ್ ಅಧಿಕಾರಿ ಜಾತಿಯ ಕಾರಣಕ್ಕೆ ಉಣ್ಣುವ ಅವಮಾನವನ್ನೂ ಸರಣಿ ತನ್ನದಾಗಿ ಸೇರಿಸಿಕೊಂಡಿತು. ನೋಡುಗರಿಗೆ ಭಯವೂ ಸಿಟ್ಟೂ ಕಡಿಮೆಯಾಗಲಿಲ್ಲ, ಸಮಾಜದ ತಪ್ಪು ಮರೆಯಾಗಲಿಲ್ಲ. ದಕ್ಷಿಣ ಕನ್ನಡದ ಯಾವ ತಾಯಿಯೂ ತನ್ನ ಮಗಳ ಹೆಸರಿನ ಪಾತ್ರ ಬಸ್ ನಿಲ್ದಾಣದ ಶೌಚಾಲಯದಲ್ಲಿ ಸಾಯುವುದನ್ನು ನೋಡಬೇಕಾಗಿ ಬರಲಿಲ್ಲ.

ಕನ್ನಡದಲ್ಲಿ ಈಗ ವೆಬ್ ಸರಣಿಗಳು ಹೆಚ್ಚುತ್ತಿವೆ, ನಿಜ ಪ್ರಕರಣಗಳ ಹುಡುಕಾಟವೂ ನಡೆದಿದೆ. ಅವನ್ನು ಬರೆಯುತ್ತಿರುವವರಲ್ಲಿ, ಹಣ ಹೂಡುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟು: ಎಫ್‌ಐಆರ್ ಮತ್ತು ತೀರ್ಪಿನ ಪ್ರತಿ ತರಿಸುವ ಮುನ್ನ ಸತ್ತವರ ಮನೆಗೆ ಹೋಗಿ. ಏನು ಮಾಡಲಿದ್ದೀರೆಂದು ಹೇಳಿ, ಅವರು ಹೇಳುವುದನ್ನು ಕೇಳಿ. ಒಪ್ಪಿದರೆ ಗಳಿಕೆಯಲ್ಲಿ ಪಾಲು ಕೊಡಿ, ಬರೆದದ್ದನ್ನು ಚಿತ್ರೀಕರಣಕ್ಕೆ ಮೊದಲು ತೋರಿಸಿ. ಬೇಡವೆಂದರೆ, ಅಥವಾ ಬಾಗಿಲನ್ನೇ ತೆರೆಯದಿದ್ದರೆ, ಹೆಸರನ್ನೂ ಊರನ್ನೂ ಬಿಟ್ಟು ಬೇರೆ ಕತೆಯಾಗಿ ಬರೆಯಿರಿ.